ವಾಕ್ಯದಿಂದ ಬಲ ಸಿಗುತ್ತದೆ ಅಂತಾರಲ್ಲ, ಅದು ಹೇಗೆ?

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದಾಗ, ಇದ್ದ ಕೆಲಸ ಹೋದಾಗ, ಹತ್ತಿರದವರು ತೀರಿಕೊಂಡಾಗ ಕ್ರೈಸ್ತ ಬಂಧುಗಳು, ಸ್ನೇಹಿತರು ಒಂದು ಮಾತು ಹೇಳುತ್ತಾರೆ: "ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಪೂರ್ಣ ಹೃದಯದಿಂದ ನಂಬಿ." ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಕೇಳಿಸಿಕೊಂಡವರಿಗೆ ಮಾತ್ರ ತಲೆಬುಡ ಗೊತ್ತಾಗುವುದಿಲ್ಲ. ಹಿಡಿದುಕೊಳ್ಳುವುದು ಅಂದರೆ ಏನು ಮಾಡಬೇಕು? ಓದಬೇಕೇ, ಬಾಯಿಪಾಠ ಮಾಡಬೇಕೇ, ಬರೆದು ಗೋಡೆಗೆ ಅಂಟಿಸಬೇಕೇ? ತಲೆಯಲ್ಲಿ ನೂರೆಂಟು ಅನುಮಾನ ಓಡುತ್ತಿರುವಾಗ ಪೂರ್ಣ ಹೃದಯ ಎಲ್ಲಿಂದ ತರುವುದು?

ಚಿಕ್ಕಂದಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವವರಲ್ಲೂ ಈ ಪ್ರಶ್ನೆಗಳು ಇರುತ್ತವೆ. ಕೇಳಲು ಸಂಕೋಚ, ಅಷ್ಟೇ. ಹಾಗಾಗಿ ಬುಡದಿಂದಲೇ ನೋಡೋಣ.

ವಾಕ್ಯ ಅಂದರೆ ಯಾವುದು?

ಕ್ರೈಸ್ತರು ವಾಕ್ಯ, ವಚನ, ದೇವರ ಮಾತು ಎನ್ನುವುದು ಬೈಬಲನ್ನು, ಅಂದರೆ ಸತ್ಯವೇದವನ್ನು. ಹೊರಗಿನಿಂದ ಅದು ಒಂದೇ ಪುಸ್ತಕ. ತೆರೆದರೆ ಹಲವು ಶತಮಾನಗಳಲ್ಲಿ ಹಲವರು ಬರೆದ ಪುಸ್ತಕಗಳು ಅದರೊಳಗಿವೆ. ಪ್ರೊಟೆಸ್ಟೆಂಟ್ ಸಭೆಗಳ ಬೈಬಲಿನಲ್ಲಿ 66 ಪುಸ್ತಕಗಳು: ಹಳೆಯ ಒಡಂಬಡಿಕೆಯಲ್ಲಿ 39, ಹೊಸ ಒಡಂಬಡಿಕೆಯಲ್ಲಿ 27. ಕ್ಯಾಥೊಲಿಕರಲ್ಲಿ ಹಳೆಯ ಒಡಂಬಡಿಕೆಗೆ ಇನ್ನೂ 7 ಸೇರಿ ಒಟ್ಟು 73. ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಒಡಂಬಡಿಕೆ ಎಂದರೆ ದೇವರು ತನ್ನ ಜನರೊಂದಿಗೆ ಮಾಡಿಕೊಂಡ ಕರಾರು. ಯೇಸುವಿಗೆ ಮೊದಲಿನದು ಹಳೆಯದು, ಯೇಸುವಿನಿಂದ ಶುರುವಾದದ್ದು ಹೊಸದು.

ಇದರಲ್ಲಿ ರಾಜರ ಕಥೆ ಇದೆ, ಕಾನೂನು ಇದೆ, ಹಾಡು ಇದೆ, ವಂಶಾವಳಿ ಇದೆ, ಸೆರೆಮನೆಯಿಂದ ಬರೆದ ಪತ್ರವೂ ಇದೆ. ಬರೆದವರು ಮನುಷ್ಯರೇ, ಆದರೆ ಅವರ ಮೂಲಕ ಮಾತಾಡಿದವನು ದೇವರು ಎಂಬುದು ಕ್ರೈಸ್ತರ ನಂಬಿಕೆ. ಈ ಮಾತಿನಲ್ಲಿ ಎಲ್ಲ ಸಭೆಗಳಿಗೂ ಹೆಚ್ಚುಕಡಿಮೆ ಒಮ್ಮತ ಇದೆ. ವ್ಯತ್ಯಾಸ ಇರುವುದು ಬೇರೆ ಕಡೆ. 16ನೇ ಶತಮಾನದಲ್ಲಿ ಕ್ರೈಸ್ತ ಸಭೆಯೊಳಗೆ ನಡೆದ ಸುಧಾರಣೆಯಿಂದ ಬಂದ ಪ್ರೊಟೆಸ್ಟೆಂಟರು ನಂಬಿಕೆಯ ವಿಷಯದಲ್ಲಿ ಕೊನೆಯ ಮಾತು ಬೈಬಲಿನದೇ ಎನ್ನುತ್ತಾರೆ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಬೈಬಲಿನ ಜೊತೆಗೆ ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ, ಕಾಲದಿಂದ ಹರಿದು ಬಂದ ಸಭೆಯ ಪರಂಪರೆಯನ್ನೂ ಇಟ್ಟು ನೋಡುತ್ತವೆ.

ಇನ್ನೊಂದು ಚಿಕ್ಕ ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಬೈಬಲನ್ನು ಬರೆದಾಗ ಅದರಲ್ಲಿ ಅಧ್ಯಾಯದ ಸಂಖ್ಯೆಗಳೂ ಇರಲಿಲ್ಲ, ವಚನದ ಸಂಖ್ಯೆಗಳೂ ಇರಲಿಲ್ಲ. ಈಗ ಬಳಸುವ ಅಧ್ಯಾಯಗಳ ವಿಭಜನೆ 13ನೇ ಶತಮಾನದ ಆರಂಭದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ಧರ್ಮಗುರುವಿನ ಕೆಲಸ. ಹೊಸ ಒಡಂಬಡಿಕೆಯ ವಚನಗಳಿಗೆ ಸಂಖ್ಯೆ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಅಂದರೆ ಮೊದಲ ಸಾವಿರದ ನಾನೂರು ವರ್ಷಕ್ಕೂ ಜಾಸ್ತಿ ಕಾಲ "ಒಂದು ವಚನ" ಎಂದು ಎತ್ತಿ ಹೇಳಲು ಸಂಖ್ಯೆಯೇ ಇರಲಿಲ್ಲ. ಜನ ಪತ್ರವನ್ನು ಪತ್ರವಾಗಿ, ಕಥೆಯನ್ನು ಕಥೆಯಾಗಿ ಕೇಳುತ್ತಿದ್ದರು. ಹೌದು, ಬಹುಪಾಲು ಜನ ಕೇಳುತ್ತಿದ್ದರು. ಸ್ವಂತ ಪ್ರತಿ ಇಟ್ಟುಕೊಂಡು ಓದುವುದು ಮುದ್ರಣ ಯಂತ್ರ ಬಂದ ಮೇಲಿನ ಮಾತು.

ಯಾವ ತರದ ಬಲ?

ಬಲ ಎಂದ ಕೂಡಲೇ ನಮಗೆ ಗೆಲುವು ನೆನಪಾಗುತ್ತದೆ. ಕಾಯಿಲೆ ಹೋಗಬೇಕು, ಸಾಲ ತೀರಬೇಕು, ಪರೀಕ್ಷೆ ಪಾಸಾಗಬೇಕು. ಬೈಬಲಿನಲ್ಲಿ ಅಂಥ ಬಿಡುಗಡೆಯ ಕಥೆಗಳೂ ಇವೆ. ಆದರೆ ಬಲದ ಬಗ್ಗೆ ಅತಿ ಹೆಚ್ಚು ಹೇಳುವ ಭಾಗಗಳನ್ನು ತೆರೆದು ನೋಡಿ, ಅಲ್ಲಿನ ಬಲ ಬೇರೆಯೇ ತರದ್ದು.

ಫಿಲಿಪ್ಪಿ 4:13, ಅಂದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯದ 13ನೇ ವಚನ ನೋಡಿ. ನನ್ನನ್ನು ಬಲಪಡಿಸುವವನ ಮೂಲಕ ನಾನು ಎಲ್ಲವನ್ನೂ ಮಾಡಬಲ್ಲೆ ಎಂಬ ಅರ್ಥದ ಮಾತು. ಆಟಗಾರರ ಅಂಗಿಯ ಮೇಲೆ, ಪೋಸ್ಟರುಗಳ ಮೇಲೆ ಇದು ಕಾಣುತ್ತಲೇ ಇರುತ್ತದೆ. ಬರೆದವನು ಅಪೊಸ್ತಲ ಪೌಲ. ಬರೆಯುವಾಗ ಅವನು ಸೆರೆಯಲ್ಲಿದ್ದ, ಪತ್ರದ ಮೊದಲ ಅಧ್ಯಾಯದಲ್ಲೇ ತನ್ನ ಬೇಡಿಗಳ ಬಗ್ಗೆ ಹೇಳುತ್ತಾನೆ. ಈ ವಚನದ ಹಿಂದಿನ ಎರಡು ಸಾಲಿನಲ್ಲಿ ಏನಿದೆ ಗೊತ್ತಾ? ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಕೈತುಂಬ ಇದ್ದಾಗಲೂ ಏನೂ ಇಲ್ಲದಾಗಲೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎನ್ನುತ್ತಾನೆ. ಅವನು ಹೇಳುವ "ಎಲ್ಲವೂ" ಇದೇ. ಹಸಿವನ್ನೂ ತಾಳಬಲ್ಲೆ, ಸಮೃದ್ಧಿಯನ್ನೂ ತಾಳಬಲ್ಲೆ ಎಂದು. ಎರಡನೆಯದೂ ಕಷ್ಟವೇ ಎಂಬುದನ್ನು ಅವನು ಮರೆತಿಲ್ಲ. ಇನ್ನು "ಕಲಿತಿದ್ದೇನೆ" ಎಂಬ ಮಾತು. ಈ ಬಲ ಅವನಿಗೆ ಒಂದೇ ರಾತ್ರಿಯಲ್ಲಿ ಬಂದದ್ದಲ್ಲ.

ಇದೇ ಪೌಲ ಇನ್ನೊಂದು ಪತ್ರದಲ್ಲಿ ತನ್ನ ಶರೀರದಲ್ಲಿ ನಾಟಿದ ಒಂದು ಮುಳ್ಳಿನ ಬಗ್ಗೆ ಬರೆಯುತ್ತಾನೆ. ಅದು ಯಾವ ತೊಂದರೆ ಎಂದು ಹೇಳುವುದಿಲ್ಲ. ಅದನ್ನು ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು, ಬಲಹೀನತೆಯಲ್ಲೇ ನನ್ನ ಬಲ ಪೂರ್ಣವಾಗುತ್ತದೆ ಎಂಬ ಉತ್ತರ ಸಿಕ್ಕಿತು (2 ಕೊರಿಂಥ 12). ಬೇಡಿದ್ದು ಸಿಗದಿದ್ದರೆ ನಂಬಿಕೆ ಸಾಲದು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಈ ಅಧ್ಯಾಯವನ್ನು ಒಮ್ಮೆ ಓದಿ.

ಯೆರೆಮೀಯ 29:11ರ ಕಥೆ ಇನ್ನೂ ಸ್ವಾರಸ್ಯವಾಗಿದೆ. ನಿಮ್ಮ ಬಗ್ಗೆ ನಾನು ಯೋಚಿಸಿರುವುದು ನನಗೆ ಗೊತ್ತಿದೆ, ಅದು ಹಿತದ ಯೋಚನೆ, ನಿಮಗೆ ನಿರೀಕ್ಷೆ ಇದೆ ಎಂದು ದೇವರು ಹೇಳುವ ಮಾತು. ವಾಗ್ದಾನ ವಚನಗಳ ಪಟ್ಟಿಯಲ್ಲಿ ಇದಕ್ಕೆ ಖಾಯಂ ಜಾಗ. ಆದರೆ ಇದು ಒಂದು ಪತ್ರದ ನಡುವಿನ ಸಾಲು. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಬಹಳ ಜನರನ್ನು ಸೆರೆ ಒಯ್ದ. ಹನನ್ಯ ಎಂಬ ಪ್ರವಾದಿ ಎರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರುತ್ತಿದ್ದ. ಜನರಿಗೆ ಬೇಕಾಗಿದ್ದದ್ದೂ ಅದೇ. ಪ್ರವಾದಿ ಯೆರೆಮೀಯ ಸೆರೆಯವರಿಗೆ ಬರೆದದ್ದು ತೀರಾ ಬೇರೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಮಕ್ಕಳಾಗಲಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದ. ಏಕೆಂದರೆ ವಾಪಸು ಬರಲು 70 ವರ್ಷ ಹಿಡಿಯುತ್ತದೆ. 70 ವರ್ಷ ಇರುವುದು 10ನೇ ವಚನದಲ್ಲಿ. ಹಿತದ ಯೋಚನೆ ಇರುವುದು 11ನೇ ವಚನದಲ್ಲಿ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಊರು ಕಾಣುವ ಮೊದಲೇ ಕಣ್ಣು ಮುಚ್ಚುವವರು. ಅವರಿಗೂ ಸೇರಿಸಿ ಹೇಳಿದ ವಾಗ್ದಾನ ಇದು.

10ನ್ನು ಬಿಟ್ಟು 11ನ್ನು ಮಾತ್ರ ಹಿಡಿದವರು ಎರಡು ವರ್ಷ ಕಾದು ನಿರಾಶರಾಗುತ್ತಾರೆ. ಎರಡನ್ನೂ ಓದಿದವರು ಇದ್ದ ಜಾಗದಲ್ಲೇ ತೋಟ ಮಾಡಲು ಶುರುಮಾಡುತ್ತಾರೆ. ವಾಕ್ಯದಿಂದ ಬರುವ ಬಲ ಎನ್ನುವುದು ಈ ತರದ್ದು.

ಅದು ಕೆಲಸ ಮಾಡುವುದು ಹೇಗೆ?

ಇಲ್ಲಿ ಮಂತ್ರದ ಹಾಗೆ ಏನೂ ಇಲ್ಲ. ಇಂಥ ವಚನವನ್ನು ಇಷ್ಟು ಸಲ ಹೇಳಿದರೆ ಇಂಥ ಫಲ ಎಂಬ ಲೆಕ್ಕ ಬೈಬಲಿನಲ್ಲಿ ಎಲ್ಲೂ ಬರುವುದಿಲ್ಲ. ಅಲ್ಲಿ ಮತ್ತೆ ಮತ್ತೆ ಬರುವುದು ನೆನಪು.

ಬೈಬಲಿನ ಹಾಡುಗಳಿಗೆ ಕೀರ್ತನೆಗಳು ಎನ್ನುತ್ತಾರೆ. 77ನೇ ಕೀರ್ತನೆಯ ಹಾಡುಗಾರನಿಗೆ ನಿದ್ದೆ ಇಲ್ಲ, ಮಾತೂ ಹೊರಡುತ್ತಿಲ್ಲ. ದೇವರ ಪ್ರೀತಿ ಮುಗಿದೇ ಹೋಯಿತೇ, ಕರುಣೆ ತೋರಿಸುವುದನ್ನು ಅವನು ಮರೆತನೇ ಎಂದು ಸಾಲುಸಾಲಾಗಿ ಕೇಳುತ್ತಾನೆ. ಆ ಪ್ರಶ್ನೆಗಳಿಗೆ ನೇರ ಉತ್ತರ ಬರುವುದಿಲ್ಲ. ಬದಲಿಗೆ ಅವನು ಹಿಂದಿನದನ್ನು ನೆನಪಿಸಿಕೊಳ್ಳಲು ತೊಡಗುತ್ತಾನೆ. ಪೂರ್ವಜರು ಸಮುದ್ರ ದಾಟಿದ್ದು, ನೀರು ಹೆದರಿ ನಡುಗಿದ್ದು, ದೇವರು ಜನರನ್ನು ಕುರಿಹಿಂಡಿನಂತೆ ನಡೆಸಿದ್ದು. ಹಾಡು ಅಲ್ಲಿಗೇ ನಿಲ್ಲುತ್ತದೆ. ಯೆರೂಸಲೇಮ್ ಸುಟ್ಟು ಬೂದಿಯಾದ ಮೇಲಿನ ಪ್ರಲಾಪಗಳ ಪುಸ್ತಕದಲ್ಲೂ ಇದೇ ದಾರಿ. ಎರಡು ಅಧ್ಯಾಯ ಪೂರ್ತಿ ಗೋಳು. ಮೂರನೆಯದರಲ್ಲಿ, ಇದನ್ನು ಮನಸ್ಸಿಗೆ ತಂದುಕೊಳ್ಳುತ್ತೇನೆ, ಆದ್ದರಿಂದ ನನಗೆ ನಿರೀಕ್ಷೆ ಇದೆ ಎಂಬ ಮಾತು ಬರುತ್ತದೆ.

ಅಂದರೆ ಕ್ರೈಸ್ತರು ಹೇಳುವ "ಹಿಡಿದುಕೊಳ್ಳುವುದು" ಹೀಗೆ ನಡೆಯುತ್ತದೆ: ಈ ಹೊತ್ತು ಮನಸ್ಸು ಹೇಳುತ್ತಿರುವುದರ ಪಕ್ಕದಲ್ಲಿ, ದೇವರು ಎಂಥವನು ಎಂದು ಮೊದಲೇ ತಿಳಿದದ್ದನ್ನು ತಂದಿಡುವುದು. ಪವಿತ್ರಾತ್ಮನು ಬೇಕಾದ ಹೊತ್ತಿಗೆ ನೆನಪಿಗೆ ತರುತ್ತಾನೆ ಎಂದು ಯೇಸು ಹೇಳಿದ್ದು ಯೋಹಾನ 14:26ರಲ್ಲಿದೆ. ಆದರೆ ನೆನಪಿಗೆ ಬರಬೇಕಾದರೆ ಮೊದಲು ಒಳಗೆ ಇರಬೇಕು, ಅಲ್ವಾ? ಅಜ್ಜಿಯ ಬಾಯಲ್ಲಿ ಗಾದೆ ಬರುವುದನ್ನು ಗಮನಿಸಿ. ಸಂದರ್ಭ ಬಂದಾಗ ಅವರು ಪುಸ್ತಕ ತೆಗೆದು ಹುಡುಕುವುದಿಲ್ಲ. ಕೇಳಿ ಕೇಳಿ ರಕ್ತಕ್ಕೆ ಇಳಿದದ್ದು ತಾನಾಗಿ ನಾಲಿಗೆಗೆ ಬರುತ್ತದೆ, ಸರಿಯಾದ ಗಾದೆ ಸರಿಯಾದ ಜಾಗಕ್ಕೇ ಬರುತ್ತದೆ.

ಸೈತಾನನೂ ವಚನ ಹೇಳಿದ

ಇದಕ್ಕೆ ಬೈಬಲಿನ ಒಳಗೇ ಇರುವ ಒಳ್ಳೆಯ ಉದಾಹರಣೆ ಮತ್ತಾಯ 4ನೇ ಅಧ್ಯಾಯ. ಯೇಸು 40 ದಿನ ಅಡವಿಯಲ್ಲಿ ಉಪವಾಸ ಇದ್ದು ಹಸಿದಿದ್ದಾನೆ. ಸೈತಾನ ಬಂದು ಮೂರು ಸಲ ಶೋಧಿಸುತ್ತಾನೆ, ಅಂದರೆ ಅಡ್ಡದಾರಿಗೆ ಎಳೆಯುತ್ತಾನೆ. ಯೇಸು ಮೂರು ಸಲವೂ "ಬರೆದಿದೆ" ಎಂದು ಉತ್ತರ ಕೊಡುತ್ತಾನೆ.

ಈ ಮೂರೂ ಉತ್ತರಗಳು ಒಂದೇ ಪುಸ್ತಕದವು. ಧರ್ಮೋಪದೇಶಕಾಂಡದ 8:3, 6:16, 6:13. ಈ ಪುಸ್ತಕದಲ್ಲಿರುವುದು ಇಸ್ರಾಯೇಲ್ಯರು 40 ವರ್ಷ ಅಡವಿಯಲ್ಲಿ ಅಲೆದ ಮೇಲೆ ಅವರ ನಾಯಕ ಮೋಶೆ ಅವರಿಗೆ ಹೇಳಿದ ಮಾತುಗಳು. ಕಲ್ಲನ್ನು ರೊಟ್ಟಿ ಮಾಡು ಎಂದಾಗ ಯೇಸು ಹೇಳಿದ್ದು ಮನುಷ್ಯ ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ ಎಂಬ ಸಾಲು. ಅದು ಅಡವಿಯಲ್ಲಿ ಹಸಿದವರಿಗೆ ದೇವರು ಮನ್ನ ಎಂಬ ಆಹಾರ ಕೊಟ್ಟ ಸಂದರ್ಭದ್ದು. ದೇವಾಲಯದ ತುದಿಯಿಂದ ಧುಮುಕು ಎಂದಾಗ ಹೇಳಿದ್ದು ದೇವರನ್ನು ಪರೀಕ್ಷೆ ಮಾಡಬಾರದು ಎಂಬ ಸಾಲು. ಅದು ನೀರಿಲ್ಲದೆ ಜನ ರೇಗಿ, ದೇವರು ನಮ್ಮ ಜೊತೆ ಇದ್ದಾನೋ ಇಲ್ಲವೋ ಎಂದು ಜಗಳ ತೆಗೆದ ಮಸ್ಸ ಎಂಬ ಜಾಗದ್ದು. ಅಡವಿಯಲ್ಲಿ ನಿಂತವನಿಗೆ ಅಡವಿಯ ಮಾತುಗಳೇ ನೆನಪಾದವು. ಮೂರು ವಚನ ಗೊತ್ತಿದ್ದರೆ ಇದು ಆಗುವುದಿಲ್ಲ. ಇಡೀ ಕಥೆ ಗೊತ್ತಿರಬೇಕು.

ಎರಡನೇ ಸಲ ಸೈತಾನನೂ "ಬರೆದಿದೆ" ಎಂದೇ ಶುರುಮಾಡುತ್ತಾನೆ. 91ನೇ ಕೀರ್ತನೆ ಹೇಳುತ್ತಾನೆ, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂದು. ಮಾತು ಸುಳ್ಳಲ್ಲ, ಕೀರ್ತನೆಯಲ್ಲಿ ಇದೆ. ಆದರೆ ಆ ಕೀರ್ತನೆ ದೇವರಲ್ಲಿ ಆಶ್ರಯ ಪಡೆದವರ ಬಗ್ಗೆ ಹಾಡುತ್ತದೆ. ಬೇಕೆಂದೇ ಮೇಲಿನಿಂದ ಹಾರಿ ದೇವರನ್ನು ಇಕ್ಕಟ್ಟಿಗೆ ಸಿಕ್ಕಿಸುವವರಿಗೆ ಕೊಟ್ಟ ಭರವಸೆ ಅದಲ್ಲ. (ಅವನು ನಿಲ್ಲಿಸಿದ್ದು 12ನೇ ವಚನಕ್ಕೆ. 13ರಲ್ಲಿ ಸರ್ಪವನ್ನು ತುಳಿಯುವ ಮಾತು ಬರುತ್ತದೆ!) ವಚನ ನಿಜವಾಗಿದ್ದೂ ಬಳಕೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪೂರ್ಣ ಹೃದಯ ಎಂದರೆ ಅನುಮಾನ ಇರಲೇಬಾರದೇ?

ಯೇಸು ಎರಡು ಉತ್ತರ ಎತ್ತಿಕೊಂಡ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲೇ "ಪೂರ್ಣ ಹೃದಯ"ದ ಮಾತೂ ಇದೆ. ನಿನ್ನ ದೇವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸು ಎಂದು 5ನೇ ವಚನ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಹೇಳಿದ್ದೂ ಇದನ್ನೇ. ಮರುಸಾಲಿನಲ್ಲೇ, ಈ ಮಾತುಗಳು ನಿನ್ನ ಹೃದಯದಲ್ಲಿರಲಿ, ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಇವುಗಳ ಬಗ್ಗೆ ಮಾತಾಡು ಎಂದಿದೆ. ವಾಕ್ಯ ಮತ್ತು ಪೂರ್ಣ ಹೃದಯ ಎರಡನ್ನೂ ಕ್ರೈಸ್ತರು ಒಂದೇ ಉಸಿರಿನಲ್ಲಿ ಹೇಳುವುದು ಸುಮ್ನೆ ಅಲ್ಲ.

ಬೈಬಲಿನಲ್ಲಿ ಹೃದಯ ಎಂದರೆ ಭಾವನೆಯಷ್ಟೇ ಅಲ್ಲ, ಯೋಚನೆ ಮಾಡುವ, ತೀರ್ಮಾನ ತೆಗೆದುಕೊಳ್ಳುವ ಜಾಗವೂ ಹೌದು. ಹಾಗಾಗಿ ಪೂರ್ಣ ಹೃದಯ ಎಂದರೆ ಕಣ್ಣೀರು ಉಕ್ಕುವುದು, ಮೈ ಜುಮ್ಮೆನ್ನುವುದು ಎಂದುಕೊಳ್ಳಬೇಕಿಲ್ಲ. ಒಡೆದು ಎರಡು ಪಾಲಾಗದ ಮನಸ್ಸು ಎಂದರೆ ಸರಿಹೋಗುತ್ತದೆ.

ಪಾಲಾದ ಮನಸ್ಸು ಹೇಗಿರುತ್ತದೆ? ಯೂದದ ಅರಸ ಅಮಚ್ಯನ ಕಥೆ ನೋಡಿ (2 ಪೂರ್ವಕಾಲವೃತ್ತಾಂತ 25). ಅವನ ಬಗ್ಗೆ ಬರೆದವನು ಮೊದಲೇ ಹೇಳಿಬಿಡುತ್ತಾನೆ: ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣ ಹೃದಯದಿಂದ ಅಲ್ಲ. ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಟಾಗ ಅವನು ನೂರು ತಲಾಂತು (ಆಗಿನ ದೊಡ್ಡ ತೂಕ) ಬೆಳ್ಳಿ ಕೊಟ್ಟು ಪಕ್ಕದ ಇಸ್ರಾಯೇಲ್ ರಾಜ್ಯದಿಂದ ಒಂದು ಲಕ್ಷ ಸೈನಿಕರನ್ನು ಗೊತ್ತುಮಾಡಿಕೊಂಡಿದ್ದ. ದೇವರ ಮನುಷ್ಯನೊಬ್ಬ ಬಂದು ಅವರನ್ನು ಕರೆದುಕೊಂಡು ಹೋಗಬೇಡ ಎಂದ. ಅರಸನ ಬಾಯಿಂದ ಬಂದ ಮೊದಲ ಪ್ರಶ್ನೆ: ಹಾಗಾದರೆ ಕೊಟ್ಟ ಆ ನೂರು ತಲಾಂತಿನ ಗತಿ? ದೇವರು ಅದಕ್ಕಿಂತ ಹೆಚ್ಚು ಕೊಡಬಲ್ಲ ಎಂಬ ಉತ್ತರ ಬಂತು. ಅಮಚ್ಯ ಮಾತು ಕೇಳಿದ, ಸೈನಿಕರನ್ನು ವಾಪಸು ಕಳಿಸಿದ, ಯುದ್ಧ ಗೆದ್ದ. ಗೆದ್ದ ಮೇಲೆ ಸೋತವರ ದೇವತೆಗಳನ್ನೇ ಮನೆಗೆ ತಂದು ಅಡ್ಡಬಿದ್ದ. ತಮ್ಮ ಜನರನ್ನೇ ನಿನ್ನ ಕೈಯಿಂದ ಬಿಡಿಸಲಾಗದ ದೇವರುಗಳನ್ನು ಯಾಕೆ ಹುಡುಕಿಕೊಂಡು ಹೋದೆ ಎಂದು ಪ್ರವಾದಿ ಕೇಳಿದರೆ, ನಿನ್ನನ್ನು ಅರಸನ ಮಂತ್ರಿ ಮಾಡಿದ್ದೇವಾ, ಸಾಕು ನಿಲ್ಲಿಸು ಎಂದು ಬಾಯಿ ಮುಚ್ಚಿಸಿದ. ಅಮಚ್ಯನಲ್ಲಿ ನಂಬಿಕೆ ಇರಲಿಲ್ಲ ಎನ್ನುವಂತಿಲ್ಲ. ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇತ್ತು.

ಇದರ ಎದುರಿಗೆ ಮಾರ್ಕ 9ರ ತಂದೆಯನ್ನು ಇಟ್ಟು ನೋಡಿ. ಚಿಕ್ಕಂದಿನಿಂದ ನರಳುತ್ತಿರುವ ಮಗ. ಶಿಷ್ಯರ ಕೈಯಲ್ಲಿ ವಾಸಿಯಾಗಲಿಲ್ಲ. ನಿನ್ನಿಂದ ಏನಾದರೂ ಆಗುವುದಾದರೆ ಸಹಾಯ ಮಾಡು ಎಂದು ಯೇಸುವಿನ ಹತ್ತಿರ ಕೇಳುತ್ತಾನೆ. ಆಗುವುದಾದರೆ ಎನ್ನುತ್ತೀಯಾ, ನಂಬುವವನಿಗೆ ಎಲ್ಲವೂ ಆಗುತ್ತದೆ ಎನ್ನುತ್ತಾನೆ ಯೇಸು. ಆ ತಂದೆ ಕೂಗಿ ಹೇಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು! ಯೇಸು ಅವನನ್ನು ನಂಬಿಕೆ ಸಾಲದು ಎಂದು ವಾಪಸು ಕಳಿಸಲಿಲ್ಲ. ಮಗ ವಾಸಿಯಾದ.

ತಂದೆಯ ಮನಸ್ಸಿನಲ್ಲಿ ಅನುಮಾನ ಇತ್ತು. ಆದರೆ ಆ ಅನುಮಾನವನ್ನೂ ಅವನು ಯೇಸುವಿನ ಬಳಿಗೇ ತಂದ. ಅಮಚ್ಯನ ಮಾತಿನಲ್ಲಿ ಅನುಮಾನ ಅಷ್ಟಾಗಿ ಕಾಣುವುದಿಲ್ಲ, ಆದರೆ ಅವನಿಗೆ ಇನ್ನೊಂದು ಆಸರೆ ಬೇಕಿತ್ತು. ಪೂರ್ಣ ಹೃದಯ ಎಂಬುದರ ಅರ್ಥ ನನಗೆ ಇವರಿಬ್ಬರ ನಡುವೆ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ತಪ್ಪೇ ಮಾಡದಿರುವುದು ಎಂಬ ಅರ್ಥವೂ ಇದಕ್ಕಿಲ್ಲ. ಬತ್ಷೆಬೆಯ ವಿಷಯದಲ್ಲಿ ಘೋರ ತಪ್ಪು ಮಾಡಿ, ಅವಳ ಗಂಡ ಊರೀಯನನ್ನು ಸಾಯಿಸಿದ ಅರಸ ದಾವೀದನ ಹೃದಯವನ್ನೇ ಮುಂದಿನ ಅರಸರನ್ನು ಅಳೆಯುವ ಅಳತೆಗೋಲಾಗಿ ಬೈಬಲ್ ಬಳಸುತ್ತದೆ. ತಪ್ಪು ತೋರಿಸಿದಾಗ ಅವನು ಪ್ರವಾದಿಯ ಬಾಯಿ ಮುಚ್ಚಿಸಲಿಲ್ಲ.

ವಾಕ್ಯ ಇದ್ದರೆ ಡಾಕ್ಟರ್ ಬೇಡವೇ?

ಬೇಕು. ಪೌಲನ ಜೊತೆಗಿದ್ದ ಲೂಕ ವೈದ್ಯನೇ ಆಗಿದ್ದ. ಹೊಟ್ಟೆಯ ತೊಂದರೆ ಇದ್ದ ತಿಮೊಥೆಯನಿಗೆ ಪೌಲ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಮನಸ್ಸು ಕುಸಿದಾಗಲೂ ಇದೇ ಮಾತು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಬೇಡುತ್ತಾನೆ. ದೂತ ಬಂದು ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ದೇವರು ಅವನೊಂದಿಗೆ ಮಾತಾಡಿದ್ದು ಅದಾಗಿ 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಸಾಯುವ ಯೋಚನೆ ಬರುತ್ತಿರುವವರ ಕೈಗೆ ಒಂದು ವಚನ ಕೊಟ್ಟು ಕಳಿಸಿಬಿಡುವುದಕ್ಕೆ ಈ ಅಧ್ಯಾಯದಲ್ಲಿ ಯಾವ ಬೆಂಬಲವೂ ಇಲ್ಲ. ಜೊತೆಯಲ್ಲಿ ಕೂರಬೇಕು, ಊಟ ಮಾಡಿಸಬೇಕು, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು.

ಶುರು ಮಾಡುವುದು ಎಲ್ಲಿಂದ?

ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಆದರೆ ಕಷ್ಟದ ನಡುವೆ ಇರುವವರಿಗೆ ಈ ಲೆಕ್ಕ ಇನ್ನೊಂದು ಹೊರೆಯಾಗಬಹುದು. ಮೊದಲ ಪುಟದಿಂದ ಶುರುಮಾಡಿದ ಬಹಳ ಜನ ಯಾಜಕಕಾಂಡದ ಬಲಿಗಳ ವಿವರಕ್ಕೆ ಬಂದಾಗ ನಿಂತುಬಿಡುತ್ತಾರೆ.

ಚಿಕ್ಕದರಿಂದ ಶುರುಮಾಡಬಹುದು. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ನಾಲ್ಕೇ ಅಧ್ಯಾಯ. ಒಂದೇ ಸಲ ಕೂತು, ಪತ್ರ ಓದುವ ಹಾಗೆ ಓದಿ. ಯೇಸುವಿನ ಬದುಕು ತಿಳಿಯಲು 16 ಅಧ್ಯಾಯಗಳ ಮಾರ್ಕನ ಸುವಾರ್ತೆ ಸಾಕು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಪ್ರಾರ್ಥನೆಗೆ ಮಾತು ಸಿಗದಿದ್ದರೆ ಕೀರ್ತನೆಗಳಿವೆ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತನ್ನ ಮಠದವರಿಗೆ ವಾರಕ್ಕೆ 150 ಕೀರ್ತನೆಗಳನ್ನೂ ಮುಗಿಸುವ ನಿಯಮ ಮಾಡಿದ್ದ. ನಮಗೆ ದಿನಕ್ಕೆ ಒಂದಾದರೂ ಆದೀತು. ಜೋರಾಗಿ ಓದಿದರೆ ಚೆನ್ನಾಗಿ ನೆನಪಿರುತ್ತದೆ. 13ನೇ ಕೀರ್ತನೆ "ಎಷ್ಟು ಕಾಲ" ಎಂದು ನಾಲ್ಕು ಸಲ ಕೇಳಿ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಎಂದೇ ಇಟ್ಟುಕೊಂಡಿದ್ದಾರೆ.

ಬಾಯಿಪಾಠ ಮಾಡುವುದಾದರೆ ಒಂಟಿ ವಚನದ ಬದಲು ಒಂದು ಪೂರ್ತಿ ಭಾಗ ಮಾಡಿ. 23ನೇ ಕೀರ್ತನೆಯಲ್ಲಿ ಇರುವುದು ಆರೇ ವಚನ.

ಅರ್ಥವಾಗದ ಜಾಗಗಳು ಬಂದೇ ಬರುತ್ತವೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಒಬ್ಬ ದೊಡ್ಡ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿರುತ್ತಾನೆ. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಯಾರಾದರೂ ದಾರಿ ತೋರಿಸದೆ ಹೇಗೆ ಆದೀತು ಎಂದು ಅವನನ್ನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ರಾಣಿಯ ಖಜಾನೆ ನೋಡಿಕೊಳ್ಳುವವನಿಗೇ ಕೇಳಲು ನಾಚಿಕೆ ಆಗಲಿಲ್ಲ. ನೀವೂ ಸಭೆಯ ಪಾಸ್ಟರನ್ನೋ, ಫಾದರನ್ನೋ, ಹೆಚ್ಚು ಓದಿಕೊಂಡ ಹಿರಿಯರನ್ನೋ ಕೇಳಬಹುದು. ಕೇಳುವಾಗ "ಈ ವಚನದ ಅರ್ಥ ಏನು" ಎನ್ನುವ ಬದಲು "ಇದನ್ನು ಯಾರು ಯಾರಿಗೆ ಹೇಳಿದರು, ಇದಕ್ಕೆ ಮೊದಲು ಏನಾಗಿತ್ತು" ಎಂದು ಕೇಳಿ ನೋಡಿ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ.